ಯಾಜಕನ ಮಡದಿ: ಕಥೋಲಿಕ ಬ್ರಹ್ಮಚರ್ಯ ಪರಂಪರೆಯ ಜಾನಪದೀಯ ನೆಲೆಗಳು

ಕಥೋಲಿಕ ಯಾಜಕರ ಬ್ರಹ್ಮಚರ್ಯವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಧರ್ಮಶಾಸ್ತ್ರ ಮತ್ತು ಧರ್ಮಸಭೆಯ ಕಾನೂನುಗಳ ಚೌಕಟ್ಟಿನಲ್ಲಿಯೇ ನಡೆದಿವೆ. ಪೋಪರ ಪತ್ರಗಳು, ಸಮ್ಮೇಳನಗಳ ನಿರ್ಣಯಗಳು, ಸಂತರ ಪ್ರಬಂಧಗಳು ಈ ಅಧ್ಯಯನಗಳ ಮುಖ್ಯ ಆಕರಗಳು. ಇವುಗಳಲ್ಲಿ ಯಾಜಕನಿದ್ದಾನೆ, ಧರ್ಮಾಧ್ಯಕ್ಷನಿದ್ದಾನೆ. ಯಾಜಕನ ಮನೆಯಲ್ಲಿ ಒಲೆ ಹೊತ್ತಿಸಿ ಮಕ್ಕಳನ್ನು ಸಾಕಿದ ಹೆಣ್ಣು ಮಾತ್ರ ನಿಷೇಧದ ವಸ್ತುವಾಗಿ ಒಂದೆರಡು ಸಾಲುಗಳಲ್ಲಿ ಬಂದುಹೋಗುತ್ತಾಳೆ. ಆಕೆಯ ಕುರುಹುಗಳು ಹೆಚ್ಚಾಗಿ ಉಳಿದಿರುವುದು ಜನರ ಮಾತಿನಲ್ಲಿ: ಸಂಬೋಧನೆಯ ಪದಗಳಲ್ಲಿ, ಮನೆತನದ ಹೆಸರುಗಳಲ್ಲಿ, ಐತಿಹ್ಯಗಳಲ್ಲಿ. ಈ ಮೂರು ಬಗೆಯ ಸಾಮಗ್ರಿಯನ್ನು ಕಾನೂನಿನ ಚರಿತ್ರೆಯ ಜೊತೆಗಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಯಾಜಕನ ವಿವಾಹಕ್ಕೆ ಮನ್ನಣೆಯಿದ್ದ ಕಡೆ ಜನಸಮುದಾಯ ಅವನ ಮಡದಿಗೊಂದು ಗೌರವದ ಹೆಸರನ್ನು ಕೊಟ್ಟಿದೆ. ಮನ್ನಣೆ ತಪ್ಪಿದ ಕಡೆ ಅದೇ ಹೆಣ್ಣು ಮೊದಲು ನಿಂದೆಯ ಪದವಾಗಿ, ಅನಂತರ ದೆವ್ವದ ಕಥೆಯಾಗಿ ಮಾರ್ಪಟ್ಟಿದ್ದಾಳೆ ಎಂಬುದು ಇಲ್ಲಿನ ಪ್ರತಿಪಾದನೆ.

1. ಪರಿಭಾಷೆ ಮತ್ತು ನಿಯಮದ ಚರಿತ್ರೆ

ಮೊದಲಿಗೆ ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಕನ್ನಡದ ‘ಬ್ರಹ್ಮಚರ್ಯ’ ಎಂಬ ಪದ ಮದುವೆಯಾಗದಿರುವುದು ಮತ್ತು ದೇಹಸಂಬಂಧದಿಂದ ದೂರವಿರುವುದು ಎಂಬ ಎರಡು ಅರ್ಥಗಳನ್ನೂ ಒಳಗೊಳ್ಳುತ್ತದೆ. ಧರ್ಮಸಭೆಯ ಚರಿತ್ರೆಯಲ್ಲಿ ಇವೆರಡೂ ಬೇರೆ ಬೇರೆ ಕಾಲದ ಬೇಡಿಕೆಗಳು. ಮೊದಲ ಶತಮಾನಗಳಲ್ಲಿ ಯಾಜಕರಿಗೂ ಧರ್ಮಾಧ್ಯಕ್ಷರಿಗೂ ಹೆಂಡಿರಿದ್ದರು. ಸಂತ ಪೇತ್ರನ ಅತ್ತೆಯ ಪ್ರಸ್ತಾಪ ಶುಭಸಂದೇಶದಲ್ಲಿಯೇ ಬರುತ್ತದೆ. ತಿಮೊಥೇಯನಿಗೆ ಬರೆದ ಮೊದಲ ಪತ್ರವು ಧರ್ಮಾಧ್ಯಕ್ಷನು ಏಕಪತ್ನಿಯುಳ್ಳವನಾಗಿರಬೇಕೆಂದು ವಿಧಿಸುತ್ತದೆ. ನಾಲ್ಕನೆಯ ಶತಮಾನದ ಆರಂಭದಲ್ಲಿ ಸ್ಪೇನಿನ ಎಲ್ವೀರಾದಲ್ಲಿ ನಡೆದ ಸಮ್ಮೇಳನ ಮತ್ತು 385ರಲ್ಲಿ ಪೋಪ್ ಸಿರಿಸಿಯಸ್ ಬರೆದ ಪತ್ರ ಕೇಳಿದ್ದು ಸಂಯಮವನ್ನು; ಅಂದರೆ ವಿವಾಹಿತ ಯಾಜಕನು ಹೆಂಡತಿಯೊಡನೆ ದೇಹಸಂಬಂಧವನ್ನು ತೊರೆಯಬೇಕೆಂಬುದನ್ನು. ವಿವಾಹವೇ ಇರಬಾರದೆಂಬ ನಿಯಮ ಇನ್ನೂ ಬಂದಿರಲಿಲ್ಲ.

ಪೂರ್ವ ಮತ್ತು ಪಶ್ಚಿಮದ ದಾರಿಗಳು ಇಲ್ಲಿಂದ ಕವಲೊಡೆದವು. 692ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಅರಮನೆಯಲ್ಲಿ ನಡೆದ ಟ್ರುಲ್ಲೋ ಸಮ್ಮೇಳನವು ದೀಕ್ಷೆಗೆ ಮೊದಲೇ ಮದುವೆಯಾದವರು ಯಾಜಕರಾಗಿ ಸಂಸಾರವನ್ನು ಮುಂದುವರಿಸಬಹುದೆಂದು ತೀರ್ಮಾನಿಸಿತು. ದೀಕ್ಷೆಯ ಅನಂತರ ಮದುವೆಗೆ ಅವಕಾಶವಿರಲಿಲ್ಲ. ಪಶ್ಚಿಮದಲ್ಲಿ ಹನ್ನೊಂದನೆಯ ಶತಮಾನದ ಸುಧಾರಣಾವಾದಿಗಳು, ಅವರಲ್ಲಿಯೂ ಏಳನೆಯ ಗ್ರೆಗರಿ, ವಿವಾಹಿತ ಯಾಜಕರ ವಿರುದ್ಧ ಕಟ್ಟುನಿಟ್ಟಿನ ಕ್ರಮ ಕೈಗೊಂಡರು. 1139ರ ಎರಡನೆಯ ಲ್ಯಾಟರನ್ ಸಮ್ಮೇಳನವು ಉನ್ನತ ದೀಕ್ಷೆ ಪಡೆದವರ ಮದುವೆ ಮದುವೆಯೇ ಅಲ್ಲವೆಂದು ಸಾರಿತು. 1563ರಲ್ಲಿ ಟ್ರೆಂಟ್ ಸಮ್ಮೇಳನ ಈ ನಿಲುವನ್ನು ಮತ್ತೆ ದೃಢಪಡಿಸಿತು.

ಹೀಗಾಗಿ ಯಾಜಕರ ಬ್ರಹ್ಮಚರ್ಯವು ಕಥೋಲಿಕರ ದೃಷ್ಟಿಯಲ್ಲಿ ವಿಶ್ವಾಸಸತ್ಯವಲ್ಲ, ಧರ್ಮಸಭೆಯ ಶಿಸ್ತು. ಲ್ಯಾಟಿನ್ ಧರ್ಮಸಭೆಯ ಜೊತೆಗೆ ರೋಮಿನೊಡನೆ ಐಕ್ಯದಲ್ಲಿರುವ 23 ಪೂರ್ವದೇಶೀಯ ಧರ್ಮಸಭೆಗಳೂ ಕಥೋಲಿಕವೇ. ಇವುಗಳಲ್ಲಿ ಉಕ್ರೇನಿಯನ್, ರುಮೇನಿಯನ್, ಮೆಲ್ಕೈಟ್, ಮ್ಯಾರೊನೈಟ್ ಮೊದಲಾದ ಹಲವು ಸಭೆಗಳಲ್ಲಿ ವಿವಾಹಿತ ಯಾಜಕರ ಪರಂಪರೆ ಇಂದಿಗೂ ಜೀವಂತವಾಗಿದೆ. ಪೌರೋಹಿತ್ಯಕ್ಕೆ ಗೃಹಸ್ಥ, ವೈರಾಗ್ಯಕ್ಕೆ ಸನ್ಯಾಸಿ ಎಂದು ಎರಡು ಪಾತ್ರಗಳನ್ನು ಬೇರೆಯಾಗಿಯೇ ಕಂಡು ರೂಢಿಯಿರುವ ನಮ್ಮ ಓದುಗರು ಒಂದಂಶವನ್ನು ಗಮನಿಸಬೇಕು: ಲ್ಯಾಟಿನ್ ಪರಂಪರೆ ಈ ಎರಡನ್ನೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿಸಲು ಯತ್ನಿಸಿತು. ಪೂರ್ವದ ಸಭೆಗಳು ಸನ್ಯಾಸವನ್ನು ಮಠದಲ್ಲಿಯೂ ಪೌರೋಹಿತ್ಯವನ್ನು ಊರಿನ ಸಂಸಾರದಲ್ಲಿಯೂ ಉಳಿಸಿಕೊಂಡವು.

2. ಪಶ್ಚಿಮದಲ್ಲಿ ಹೆಸರಿನ ಪತನ

ಪಶ್ಚಿಮದಲ್ಲಿಯೂ ಒಂದು ಕಾಲಕ್ಕೆ ಯಾಜಕನ ಮಡದಿಗೆ ಮರ್ಯಾದೆಯ ಹೆಸರಿತ್ತು. ಯಾಜಕನನ್ನು ಸೂಚಿಸುವ ‘ಪ್ರೆಸ್ಬಿಟರ್’ ಎಂಬುದರ ಸ್ತ್ರೀರೂಪ ‘ಪ್ರೆಸ್ಬಿಟೆರಾ’. 567ರಲ್ಲಿ ಗಾಲ್ ದೇಶದ ಟೂರ್‌ನಲ್ಲಿ ಸೇರಿದ ಸಮ್ಮೇಳನದ ನಿರ್ಣಯಗಳಲ್ಲಿ ಈ ಪದವೂ ಧರ್ಮಾಧ್ಯಕ್ಷನ ಮಡದಿಯನ್ನು ಸೂಚಿಸುವ ಪದವೂ ಬಳಕೆಯಾಗಿವೆ. ಸಂಯಮವನ್ನು ವಿಧಿಸುವ ನಿರ್ಣಯಗಳೇ ಆದರೂ ಅವು ಆಕೆಯ ಸ್ಥಾನವನ್ನು ಅಲ್ಲಗಳೆಯುವುದಿಲ್ಲ. ಹನ್ನೊಂದನೆಯ ಶತಮಾನದ ಸುಧಾರಣಾ ಸಾಹಿತ್ಯದಲ್ಲಿ ಇದೇ ಹೆಣ್ಣು ‘ಉಪಪತ್ನಿ’ಯಾಗುತ್ತಾಳೆ. ಪೀಟರ್ ದಾಮಿಯನ್ 1064ರಲ್ಲಿ ಟ್ಯೂರಿನ್‌ನ ಧರ್ಮಾಧ್ಯಕ್ಷನಿಗೆ ಬರೆದ ಪತ್ರದಲ್ಲಿ ಯಾಜಕರ ಹೆಂಗಸರನ್ನು ನೇರವಾಗಿ ಸಂಬೋಧಿಸಿ ಅತ್ಯಂತ ಕಟುವಾದ ಬೈಗುಳಗಳ ಸರಮಾಲೆಯನ್ನೇ ಪೋಣಿಸಿದ್ದಾನೆ.

ಪದದ ಈ ಪತನವು ಬರಿಯ ಮಾತಿನ ಮಟ್ಟದಲ್ಲಿ ನಿಲ್ಲಲಿಲ್ಲ. 1022ರ ಪಾವಿಯಾ ಸಮ್ಮೇಳನವು ಯಾಜಕರ ಮಕ್ಕಳನ್ನು ಧರ್ಮಸಭೆಯ ಜೀತದಾಳುಗಳೆಂದು ಘೋಷಿಸಿತು. 1089ರ ಮೆಲ್ಫಿ ಸಮ್ಮೇಳನವು, ಎಚ್ಚರಿಕೆಯ ಅನಂತರವೂ ಹೆಂಡತಿಯನ್ನು ಬಿಡದ ಕಿರಿಯ ದರ್ಜೆಯ ದೀಕ್ಷಿತರ ಹೆಂಗಸರನ್ನು ದಾಸ್ಯಕ್ಕೆ ಒಯ್ಯಲು ಅರಸರಿಗೆ ಅನುಮತಿ ನೀಡಿತು. ನಿಯಮವನ್ನು ಮೀರಿದವನು ಯಾಜಕ. ಸ್ವಾತಂತ್ರ್ಯವನ್ನು ಕಳೆದುಕೊಳ್ಳಬೇಕಾದವಳು ಹೆಂಡತಿ.

ಸುಧಾರಕರ ಆತಂಕಕ್ಕೆ ಆಧಾರವಿರಲಿಲ್ಲವೆಂದು ಹೇಳಲಾಗದು. ಯಾಜಕ ಪದವಿ ತಂದೆಯಿಂದ ಮಗನಿಗೆ ಆಸ್ತಿಯಂತೆ ಸಾಗಿದರೆ ದೇವಾಲಯದ ಭೂಮಿ ಕುಟುಂಬದ ಭೂಮಿಯಾಗುವ ಅಪಾಯವಿತ್ತು. ಇಂಗ್ಲೆಂಡಿನ ಹೆಕ್ಸಮ್‌ನಲ್ಲಿ ಯಾಜಕ ಪದವಿ ವಂಶಪಾರಂಪರ್ಯವಾಗಿ ನಡೆದಿತ್ತು. ಮುಂದೆ ಸಂತನೆನಿಸಿದ ಏಲ್ರೆಡ್ ಹುಟ್ಟಿದ್ದು ಆ ಮನೆತನದಲ್ಲಿಯೇ. ಜೊತೆಗೆ ದೇವರಾಜ್ಯಕ್ಕಾಗಿ ತನ್ನನ್ನು ಪೂರ್ಣವಾಗಿ ಒಪ್ಪಿಸಿಕೊಳ್ಳುವ ಆದರ್ಶಕ್ಕೆ ಸ್ವತಂತ್ರವಾದ ಧಾರ್ಮಿಕ ಮೌಲ್ಯವೂ ಇತ್ತು. ಆದರೆ ಊರಿನ ಜನ ಮತ್ತು ಯಾಜಕವರ್ಗ ಈ ಬದಲಾವಣೆಯನ್ನು ಸುಲಭವಾಗಿ ಒಪ್ಪಲಿಲ್ಲ. 1070ರ ದಶಕದ ಆರಂಭದಲ್ಲಿ ನಾರ್ಮಂಡಿಯ ರೂವಾನ್‌ನಲ್ಲಿ ಹೆಂಡಿರನ್ನು ಬಿಡಬೇಕೆಂದು ಆಜ್ಞಾಪಿಸಿದ ಮಹಾಧರ್ಮಾಧ್ಯಕ್ಷನನ್ನು ಯಾಜಕರು ಕಲ್ಲೆಸೆದು ಓಡಿಸಿದರು. ಇದನ್ನು ದಾಖಲಿಸಿದ ಚರಿತ್ರೆಕಾರ ಆರ್ಡರಿಕ್ ವೈಟಾಲಿಸ್ ಸ್ವತಃ ಯಾಜಕನ ಮಗ. ತನ್ನ ಬೃಹತ್ ಚರಿತ್ರೆಯಲ್ಲಿ ತಂದೆ ಓಡೆಲೇರಿಯಸ್‌ನನ್ನು ಆತ ಪ್ರೀತಿಯಿಂದ ನೆನೆದಿದ್ದಾನೆ. ತಾಯಿಯ ಹೆಸರು ಮಾತ್ರ ಎಲ್ಲಿಯೂ ಬರುವುದಿಲ್ಲ. ಈ ಮೌನವನ್ನು ವೈಯಕ್ತಿಕವೆಂದಷ್ಟೇ ಭಾವಿಸಬೇಕಾಗಿಲ್ಲ. ಹೆಸರಿಡಲು ಮರ್ಯಾದೆಯ ಪದವೇ ಉಳಿಯದ ಕಾಲದ ಮೌನ ಅದು ಎನ್ನಬಹುದು.

ಹನ್ನೆರಡು, ಹದಿಮೂರನೆಯ ಶತಮಾನಗಳ ಇಂಗ್ಲೆಂಡಿನಲ್ಲಿ ಯಾಜಕನ ಮನೆಯಾಕೆಯನ್ನು ‘ಫೊಕೇರಿಯಾ’ ಎಂದು ಕರೆಯುತ್ತಿದ್ದರು. ಒಲೆ ಎಂಬರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ ಈ ಹೆಸರನ್ನು ‘ಒಲೆಯವಳು’ ಎಂದು ಕನ್ನಡಿಸಬಹುದು. ಹೆಂಡತಿಯೆನ್ನಲು ಕಾನೂನು ಬಿಡದು. ಆಳೆನ್ನಲು ವಾಸ್ತವ ಒಪ್ಪದು. 1208ರಲ್ಲಿ ಪೋಪರೊಡನೆ ಜಗಳವಾಡಿದ ಇಂಗ್ಲೆಂಡಿನ ಅರಸ ಜಾನ್ ದೇಶದುದ್ದಕ್ಕೂ ಯಾಜಕರ ‘ಒಲೆಯವ’ರನ್ನು ಹಿಡಿಸಿ, ಬಿಡುಗಡೆಗಾಗಿ ಭಾರಿ ಹಣ ವಸೂಲು ಮಾಡಿದನೆಂದು ವೆಂಡೋವರ್‌ನ ರಾಜರ್ ಎಂಬ ಚರಿತ್ರೆಕಾರ ಬರೆದಿದ್ದಾನೆ. ಲ್ಯಾಟರನ್ ನಿರ್ಣಯವಾಗಿ ಸುಮಾರು 70 ವರ್ಷಗಳು ಕಳೆದಿದ್ದರೂ ಈ ಹೆಂಗಸರು ಅರಸನೊಬ್ಬನ ಆದಾಯಕ್ಕೆ ಮೂಲವಾಗುವಷ್ಟು ಸಂಖ್ಯೆಯಲ್ಲಿದ್ದರು ಎಂಬುದು ಇದರಿಂದ ತಿಳಿಯುತ್ತದೆ.

ಮನೆತನದ ಹೆಸರುಗಳೂ ಇದೇ ಸಾಕ್ಷ್ಯವನ್ನು ನುಡಿಯುತ್ತವೆ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗೇಲಿಕ್ ಮೂಲದ ಮ್ಯಾಕ್‌ಟ್ಯಾಗರ್ಟ್ ಎಂಬ ಹೆಸರಿನ ಅರ್ಥ ‘ಯಾಜಕನ ಮಗ’. ಮ್ಯಾಕ್‌ಫರ್ಸನ್ ಎಂದರೆ ‘ಊರಿನ ಧರ್ಮಗುರುವಿನ ಮಗ’. ಕಾನೂನು ಅಳಿಸಲು ಯತ್ನಿಸಿದ ತಂದೆತನವನ್ನು ಜನ ಹೆಸರಾಗಿ ಕಾಪಾಡಿಕೊಂಡರು. ಆದರೆ ಆ ಹೆಸರುಗಳಲ್ಲಿಯೂ ಉಳಿದವನು ತಂದೆಯೇ ಹೊರತು ತಾಯಿಯಲ್ಲ.

3. ಐತಿಹ್ಯದಲ್ಲಿ ಯಾಜಕನ ಹೆಣ್ಣು

ಮಾನವಾಚಕ ಕಳೆದುಹೋದ ಮೇಲೆ ಈ ಹೆಣ್ಣು ಕಥನಗಳಲ್ಲಿ ಮರುಹುಟ್ಟು ಪಡೆದ ಬಗೆ ಜಾನಪದ ವಿದ್ಯಾರ್ಥಿಗಳಿಗೆ ವಿಶೇಷ ಆಸಕ್ತಿಯ ಸಂಗತಿ. ಜರ್ಮನಿಯ ಬಾನ್ ನಗರದ ಬಳಿಯ ಹೈಸ್ಟರ್‌ಬಾಖ್ ಮಠದ ಸೀಸೇರಿಯಸ್ ಎಂಬ ಸನ್ಯಾಸಿ ಹದಿಮೂರನೆಯ ಶತಮಾನದ ಮೊದಲ ಪಾದದಲ್ಲಿ ಸಂಕಲಿಸಿದ ಪವಾಡ ಸಂವಾದಗಳಲ್ಲಿ ಒಂದು ಕಥೆಯಿದೆ. ಯಾಜಕನೊಬ್ಬನ ಉಪಪತ್ನಿ ಸಾಯುವ ಮುನ್ನ ಗಟ್ಟಿ ಅಟ್ಟೆಯ ಹೊಸ ಪಾದರಕ್ಷೆಗಳನ್ನು ಮಾಡಿಸಿ, ಅವುಗಳೊಡನೆ ತನ್ನನ್ನು ಹೂಳಬೇಕೆಂದು ಬೇಡಿಕೊಳ್ಳುತ್ತಾಳೆ. ಆ ರಾತ್ರಿ ಬೆಳುದಿಂಗಳಲ್ಲಿ ಸಾಗುತ್ತಿದ್ದ ಯೋಧನೊಬ್ಬನೆದುರು ಹೆಂಗಸೊಬ್ಬಳು ರಕ್ಷಣೆಗಾಗಿ ಕೂಗುತ್ತ ಓಡಿಬರುತ್ತಾಳೆ. ಆತ ಕತ್ತಿಯಿಂದ ತನ್ನ ಸುತ್ತ ವೃತ್ತವೊಂದನ್ನು ಗೀಚಿ, ಅವಳ ಜಡೆಯನ್ನು ತೋಳಿಗೆ ಸುತ್ತಿಕೊಂಡು ನಿಲ್ಲುತ್ತಾನೆ. ದೂರದಲ್ಲಿ ಬೇಟೆಗಾರನ ಕಹಳೆ ಮೊಳಗುತ್ತದೆ. ಅಂಜಿದ ಅವಳು ಬಿಡಿಸಿಕೊಂಡು ಓಡುತ್ತಾಳೆ. ನರಕದ ಬೇಟೆಗಾರ ಅವಳನ್ನು ಹಿಡಿದು ಕುದುರೆಯ ಮೇಲೆ ಅಡ್ಡಹಾಕಿಕೊಂಡು ಹೋಗುತ್ತಾನೆ. ಯೋಧನ ಕೈಯಲ್ಲಿ ಕೂದಲು ಉಳಿಯುತ್ತದೆ. ಮರುದಿನ ಗೋರಿ ತೆರೆದು ನೋಡಿದರೆ ಶವದ ತಲೆಯಲ್ಲಿ ಕೂದಲಿರುವುದಿಲ್ಲ.

ಸ್ಟಿತ್ ಥಾಂಪ್ಸನ್ನನ ಆಶಯಸೂಚಿಯಲ್ಲಿ ಇ501 ಎಂಬ ಸಂಖ್ಯೆಯಡಿ ಬರುವ ‘ದೆವ್ವಬೇಟೆ’ಯ ಆಶಯ ಇಲ್ಲಿನ ಬೀಜ. ಮೂಲತಃ ಈ ಆಶಯಕ್ಕೂ ಯಾಜಕರ ವಿವಾಹಕ್ಕೂ ಸಂಬಂಧವಿಲ್ಲ. ಪ್ರಚಲಿತವಿದ್ದ ಆಶಯವೊಂದನ್ನು ಉಪದೇಶಕರು ಎತ್ತಿಕೊಂಡು ಓಡುವ ಹೆಣ್ಣಿನ ಜಾಗದಲ್ಲಿ ಯಾಜಕನ ಸಂಗಾತಿಯನ್ನು ಕೂರಿಸಿದರು. ಆದ್ದರಿಂದ ಇದನ್ನು ನೇರವಾಗಿ ‘ಜನರ ದನಿ’ ಎಂದು ಪರಿಗಣಿಸಲಾಗದು. ಇದು ಮಠದ ಲೇಖನಿಯಿಂದ ಬಂದ ದೃಷ್ಟಾಂತಕಥೆ. ಹಾಗಿದ್ದೂ ಎರಡು ಅಂಶಗಳು ಗಮನಾರ್ಹ. ಒಂದು, ಬೇಟೆಗೆ ಗುರಿಯಾಗುವವಳು ಹೆಣ್ಣು ಮಾತ್ರ. ಯಾಜಕನಿಗೆ ಏನಾಯಿತೆಂದು ಕಥೆ ಹೇಳುವುದಿಲ್ಲ. ಎರಡು, ಪಾದರಕ್ಷೆಯ ವಿವರ. ಸತ್ತ ಮೇಲೂ ಓಡಬೇಕಾಗುತ್ತದೆಂದು ಅರಿತು ಅದಕ್ಕೆ ಸಿದ್ಧತೆ ಮಾಡಿಕೊಳ್ಳುವ ಹೆಣ್ಣಿನ ಚಿತ್ರದಲ್ಲಿ ಉಪದೇಶವನ್ನು ಮೀರಿದ ಕರುಣೆಯೊಂದು ಸೇರಿಕೊಂಡಿದೆ.

ಇದೇ ಭಾವನೆ ಮೌಖಿಕ ಪರಂಪರೆಯಲ್ಲಿ ಬೆಳೆದು ನಿಂತುದಕ್ಕೆ ಬ್ರೆಜಿಲ್ ದೇಶದ ‘ತಲೆಯಿಲ್ಲದ ಹೇಸರಗತ್ತೆ’ಯ ಐತಿಹ್ಯ ಉತ್ತಮ ನಿದರ್ಶನ. ಐಬೀರಿಯಾದ ವಲಸಿಗರೊಡನೆ ಅಟ್ಲಾಂಟಿಕ್ ಸಾಗರವನ್ನು ದಾಟಿದ ಈ ಐತಿಹ್ಯವನ್ನು ಬ್ರೆಜಿಲ್‌ನ ಹೆಸರಾಂತ ಜಾನಪದ ವಿದ್ವಾಂಸ ಲೂಯಿಸ್ ದ ಕಾಮರಾ ಕಸ್ಕೂದೊ (1898–1986) ವಿಸ್ತಾರವಾಗಿ ಚರ್ಚಿಸಿದ್ದಾರೆ. ಯಾಜಕನೊಡನೆ ಸಂಬಂಧವಿರಿಸಿಕೊಂಡ ಹೆಂಗಸು ಗುರುವಾರದ ರಾತ್ರಿ ಹೇಸರಗತ್ತೆಯಾಗಿ ಮಾರ್ಪಟ್ಟು ಏಳು ಊರುಗಳನ್ನು ಸುತ್ತುತ್ತಾಳೆ. ತಲೆಯಿರಬೇಕಾದ ಜಾಗದಲ್ಲಿ ಬೆಂಕಿ ಉರಿಯುತ್ತದೆ. ಆದರೂ ಬಾಯಿಗೆ ಕಬ್ಬಿಣದ ಕಡಿವಾಣವಿರುತ್ತದೆ. ಧೈರ್ಯವಂತನೊಬ್ಬ ಆ ಕಡಿವಾಣವನ್ನು ಕಿತ್ತರೆ ಅಳುವ ಹೆಣ್ಣಾಗಿ ಮರಳುತ್ತಾಳೆ. ಬಲಿಪೂಜೆಗೆ ಮುನ್ನ ಯಾಜಕನು ಅವಳನ್ನು ಶಪಿಸಿದರೆ ಈ ರೂಪಾಂತರ ತಪ್ಪುತ್ತದೆ ಎಂಬ ನಂಬಿಕೆಯೂ ಇದೆ. ಅಂದರೆ ಪರಿಹಾರವೂ ಯಾಜಕನ ಕೈಯಲ್ಲಿಯೇ, ಅದೂ ಶಾಪದ ರೂಪದಲ್ಲಿ! ತಲೆಯಿಲ್ಲದವಳಿಗೆ ಹೆಸರಿಲ್ಲ, ಮುಖವಿಲ್ಲ, ಮಾತಿಲ್ಲ. ಕಡಿವಾಣ ಮಾತ್ರ ಉಳಿದಿದೆ. 1139ರ ನಿರ್ಣಯ ಹೆಣ್ಣಿನಿಂದ ಕಸಿದುಕೊಂಡದ್ದೇನೆಂಬುದನ್ನು ಈ ಪ್ರತಿಮೆ ಯಾವ ಕಾನೂನು ಗ್ರಂಥಕ್ಕಿಂತಲೂ ಸ್ಪಷ್ಟವಾಗಿ ಹೇಳುತ್ತದೆ.

4. ಪೂರ್ವದ ಸಭೆಗಳಲ್ಲಿ ಮಾನವಾಚಕಗಳು

ಪೂರ್ವದ ಸಭೆಗಳತ್ತ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಗ್ರೀಕರಲ್ಲಿ ‘ಪ್ರೆಸ್ಬಿಟೆರಾ’ ಎಂಬ ಹಳೆಯ ಪದ ಇಂದಿಗೂ ಬಳಕೆಯಲ್ಲಿದೆ. ರುಮೇನಿಯನ್ನರಲ್ಲಿ ‘ಪ್ರೆಓತ್ಯಾಸಾ’, ಅರಬ್ಬೀ ಮಾತನಾಡುವ ಕ್ರೈಸ್ತರಲ್ಲಿ ‘ಖೂರಿಯ್ಯೆ’, ಪಶ್ಚಿಮ ಉಕ್ರೇನಿನ ಗಲಿಷಿಯಾ ಪ್ರದೇಶದಲ್ಲಿ ‘ಇಮೋಸ್ತ್’ ಎಂಬ ಪದಗಳಿವೆ. ಕೊನೆಯದು ‘ಶ್ರೀಮತಿಯವರು’ ಎಂಬಷ್ಟು ಗೌರವದ ಸಂಬೋಧನೆ. ಲೆಬನಾನಿನಲ್ಲಿ ಸರ್ವೇಸಾಮಾನ್ಯವಾದ ಖೂರಿ ಎಂಬ ಮನೆತನದ ಹೆಸರಿಗೆ ಯಾಜಕನೆಂದೇ ಅರ್ಥ. ಅದನ್ನು ಹೊತ್ತವರಿಗೆ ಅದರಿಂದ ಯಾವ ಮುಜುಗರವೂ ಇಲ್ಲ.

ಗಲಿಷಿಯಾದ ಗ್ರೀಕ್ ಕಥೋಲಿಕ ಯಾಜಕರ ಮನೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ವಿದ್ಯೆಯ ಕೇಂದ್ರಗಳಾಗಿದ್ದವು. 1884ರಲ್ಲಿ ಸ್ಟಾನಿಸ್ಲಾವಿವ್ ನಗರದಲ್ಲಿ ಉಕ್ರೇನಿಯನ್ ಮಹಿಳೆಯರ ಸಂಘವನ್ನು ಸ್ಥಾಪಿಸಿದ ಲೇಖಕಿ ನತಾಲಿಯಾ ಕೊಬ್ರಿನ್‌ಸ್ಕಾ ಯಾಜಕನ ಮಗಳು, ಯಾಜಕನ ಮಡದಿ. ಪಶ್ಚಿಮದ ಐತಿಹ್ಯದಲ್ಲಿ ತಲೆಯನ್ನೇ ಕಳೆದುಕೊಂಡ ಹೆಣ್ಣು ಇಲ್ಲಿ ಸಂಘ ಕಟ್ಟಿದಳು, ಗ್ರಂಥ ಬರೆದಳು.

ಆದರೆ ಪೂರ್ವದ ವ್ಯವಸ್ಥೆಯನ್ನು ಆದರ್ಶವೆಂದು ವೈಭವೀಕರಿಸುವುದು ಸಲ್ಲದು. ಟ್ರುಲ್ಲೋ ಸಮ್ಮೇಳನವೇ ಧರ್ಮಾಧ್ಯಕ್ಷನಾಗುವವನ ಹೆಂಡತಿಯನ್ನು ದೂರದ ಮಠಕ್ಕೆ ಕಳುಹಿಸಬೇಕೆಂದು ವಿಧಿಸಿದೆ. ಹೆಂಡತಿ ತೀರಿಕೊಂಡ ಯಾಜಕನಿಗೆ ಮರುಮದುವೆಗೆ ಅವಕಾಶವಿಲ್ಲ. ಮಾನವಾಚಕವು ಸಮಾನತೆಯ ಪ್ರಮಾಣಪತ್ರವಲ್ಲ. ಅದು ಅಸ್ತಿತ್ವದ ಅಂಗೀಕಾರ ಮಾತ್ರ.

5. ಕೇರಳ: ಉದಯಂಪೇರೂರಿನ ತಿರುವು

ಭಾರತದಲ್ಲಿ ಈ ಎರಡು ಪರಂಪರೆಗಳು ಮುಖಾಮುಖಿಯಾದದ್ದು ಕೇರಳದ ಸಂತ ತೋಮರ ಕ್ರೈಸ್ತರ ನಡುವೆ. ಸಿರಿಯಾಕ್ ಪೂಜಾಕ್ರಮವನ್ನು ಅನುಸರಿಸುತ್ತಿದ್ದ ಈ ಸಮುದಾಯದ ಯಾಜಕರಾದ ಕತ್ತನಾರರು ಮದುವೆಯಾಗುತ್ತಿದ್ದರು. ಪೋರ್ಚುಗೀಸ್ ದಾಖಲೆಗಳ ಪ್ರಕಾರ ಅವರ ಮಡದಿಯರಿಗೆ ಸಮುದಾಯದಲ್ಲಿ ಅಗ್ರಸ್ಥಾನವಿತ್ತು. ಕತ್ತನಾರ್ ಪದದಿಂದಲೇ ಹುಟ್ಟಿದ ಸ್ತ್ರೀವಾಚಕದಿಂದ ಅವರನ್ನು ಕರೆಯುತ್ತಿದ್ದರು. ಕೊರಳಲ್ಲಿ ಧರಿಸಿದ ಶಿಲುಬೆ ಅವರ ಗುರುತಾಗಿತ್ತು. 1599ರ ಜೂನ್ ತಿಂಗಳಲ್ಲಿ ಗೋವೆಯ ಮಹಾಧರ್ಮಾಧ್ಯಕ್ಷ ಅಲೆಶೊ ದ ಮೆನೆಜಿಸ್ ಉದಯಂಪೇರೂರಿನಲ್ಲಿ ಕರೆದ ಸಮ್ಮೇಳನವು ಕತ್ತನಾರರು ಹೆಂಡಿರನ್ನು ತೊರೆಯಬೇಕು, ಇಲ್ಲವೇ ಸೇವೆಯಿಂದ ದೂರವಿರಬೇಕು ಎಂದು ವಿಧಿಸಿತು. ಟ್ರೆಂಟ್‌ನ ನಿರ್ಣಯ ಹೊರಬಿದ್ದ 36 ವರ್ಷಗಳಲ್ಲಿ ಅದು ಮಲಬಾರಿನ ಮನೆಯೊಳಗನ್ನು ತಲುಪಿತ್ತು.

ಈ ಸಮ್ಮೇಳನದ ಅನಂತರ ಬೆಳೆದ ಅಸಮಾಧಾನಕ್ಕೆ ಕಾರಣಗಳು ಹಲವು. 1653ರ ಕೂನನ್ ಶಿಲುಬೆಯ ಪ್ರತಿಜ್ಞೆಯ ತರುವಾಯ ಸಮುದಾಯ ಒಡೆಯಿತು. ರೋಮಿನೊಡನೆ ಉಳಿದ ಸಿರೋ ಮಲಬಾರ್ ಸಭೆಯಲ್ಲಿ ಬ್ರಹ್ಮಚರ್ಯ ಸ್ಥಿರವಾಯಿತು. ಅಂತಿಯೋಕಿಯಾದ ಸಿರಿಯಾಕ್ ಪರಂಪರೆಯತ್ತ ಹೊರಳಿದವರಲ್ಲಿ ವಿವಾಹಿತ ಯಾಜಕರು ಮುಂದುವರಿದರು. ಅಲ್ಲಿ ಯಾಜಕನ ಮಡದಿಯನ್ನು ‘ಬಸ್ಕಿಯಾಮ್ಮ’ ಎನ್ನುತ್ತಾರೆ. ಇದರ ಮೂಲ ‘ಒಡಂಬಡಿಕೆಯ ಮಗಳು’ ಎಂಬರ್ಥದ ಸಿರಿಯಾಕ್ ಪದ. ಪ್ರಾಚೀನ ಸಿರಿಯಾಕ್ ಸಮುದಾಯದಲ್ಲಿ ಕನ್ಯಾವ್ರತ ತೊಟ್ಟ ಹೆಣ್ಣುಮಕ್ಕಳಿಗೆ ಈ ಹೆಸರಿತ್ತು. ವ್ರತಸ್ಥೆಯ ಬಿರುದು ಗೃಹಿಣಿಗೆ ಸಂದ ಈ ಅರ್ಥಪಲ್ಲಟವು ಪಶ್ಚಿಮದಲ್ಲಿ ನಡೆದುದಕ್ಕೆ ತದ್ವಿರುದ್ಧವಾದುದು. ಅಲ್ಲಿ ಹೆಂಡತಿಯ ಹೆಸರು ಕೆಳಗಿಳಿಯಿತು, ಇಲ್ಲಿ ಮೇಲಕ್ಕೇರಿತು. 1930ರಲ್ಲಿ ಮಾರ್ ಇವಾನಿಯೋಸರ ನೇತೃತ್ವದಲ್ಲಿ ಈ ಪರಂಪರೆಯ ಒಂದು ಗುಂಪು ರೋಮಿನೊಡನೆ ಐಕ್ಯಗೊಂಡು ಸಿರೋ ಮಲಂಕರ ಸಭೆಯಾದಾಗ ಜೊತೆಗೆ ಬಂದ ವಿವಾಹಿತ ಯಾಜಕರನ್ನು ಸ್ವೀಕರಿಸಲಾಯಿತು.

ಕೇರಳದಿಂದ ವಲಸೆ ಬಂದವರ ಮೂಲಕ ಈ ಎರಡೂ ಸಭೆಗಳು ಕರ್ನಾಟಕದಲ್ಲಿಯೂ ನೆಲೆಯೂರಿವೆ. ಸಿರೋ ಮಲಬಾರ್ ಸಭೆಯ ಬೆಳ್ತಂಗಡಿ ಧರ್ಮಪ್ರಾಂತ್ಯ 1999ರಲ್ಲಿಯೂ ಸಿರೋ ಮಲಂಕರ ಸಭೆಯ ಪುತ್ತೂರು ಧರ್ಮಪ್ರಾಂತ್ಯ 2010ರಲ್ಲಿಯೂ ರೂಪುಗೊಂಡವು. ಈ ಭಾಗದ ಹಿರಿಯರ ನೆನಪುಗಳಲ್ಲಿ ಯಾಜಕ ಕುಟುಂಬಗಳ ಕಥನಗಳು ಉಳಿದಿವೆಯೇ ಎಂಬುದು ಕ್ಷೇತ್ರಕಾರ್ಯಕ್ಕೆ ಯೋಗ್ಯವಾದ ವಿಷಯ.

6. ಇಪ್ಪತ್ತನೆಯ ಶತಮಾನ ಮತ್ತು ಅನಂತರ

ಉದಯಂಪೇರೂರಿನಲ್ಲಿ ನಡೆದುದು ಬೇರೊಂದು ರೂಪದಲ್ಲಿ ಅಮೆರಿಕಾದಲ್ಲಿಯೂ ಮರುಕಳಿಸಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಾರ್ಪೇಥಿಯನ್ ಪ್ರದೇಶದ ಗ್ರೀಕ್ ಕಥೋಲಿಕ ಕಾರ್ಮಿಕರು ಗಣಿ ಮತ್ತು ಉಕ್ಕಿನ ಕಾರ್ಖಾನೆಗಳಿಗೆ ವಲಸೆ ಹೋದರು. 1889ರಲ್ಲಿ ಮಿನಿಯಾಪೊಲಿಸ್‌ನ ಸಭೆಗೆ ಬಂದ ಅಲೆಕ್ಸಿಸ್ ಟೋಥ್ ಎಂಬ ಯಾಜಕರನ್ನು ಅಲ್ಲಿನ ಲ್ಯಾಟಿನ್ ಮಹಾಧರ್ಮಾಧ್ಯಕ್ಷ ಜಾನ್ ಐರ್ಲೆಂಡ್ ಅಂಗೀಕರಿಸಲಿಲ್ಲ. ಟೋಥ್ ವಿಧುರರು, ಹಿಂದೊಮ್ಮೆ ಮಡದಿಯಿದ್ದಳೆಂಬುದೇ ಆಕ್ಷೇಪಕ್ಕೆ ಒಂದು ಕಾರಣವಾಯಿತು. 1891ರಲ್ಲಿ ಅವರು ತಮ್ಮ ಸಭೆಯೊಡನೆ ರಷ್ಯನ್ ಆರ್ಥೊಡಾಕ್ಸ್ ಧರ್ಮಸಭೆಯನ್ನು ಸೇರಿದರು. 1929ರ ರೋಮಿನ ಆಜ್ಞೆ ಅಮೆರಿಕಾದಲ್ಲಿ ಪೂರ್ವದೇಶೀಯ ಸಭೆಗಳ ವಿವಾಹಿತ ಯಾಜಕರನ್ನು ನಿರ್ಬಂಧಿಸಿದಾಗ ಮತ್ತೊಂದು ಒಡಕು ಸಂಭವಿಸಿ, 1938ರಲ್ಲಿ ಪ್ರತ್ಯೇಕ ಆರ್ಥೊಡಾಕ್ಸ್ ಧರ್ಮಪ್ರಾಂತ್ಯವೇ ಹುಟ್ಟಿತು. ಸ್ವದೇಶದಲ್ಲಿ ಗೌರವಕ್ಕೆ ಪಾತ್ರಳಾಗಿದ್ದ ‘ಇಮೋಸ್ತ್’ ಸಾಗರ ದಾಟಿದೊಡನೆ ಸಮಸ್ಯೆಯಾಗಿ ಕಂಡಳು.

ಧರ್ಮಸಭೆಯ ಭಾಷೆ ಅನಂತರ ಬದಲಾಗಿರುವುದನ್ನೂ ದಾಖಲಿಸಬೇಕು. 1965ರಲ್ಲಿ ಎರಡನೆಯ ವ್ಯಾಟಿಕನ್ ಸಮ್ಮೇಳನವು ಬ್ರಹ್ಮಚರ್ಯವನ್ನು ಎತ್ತಿಹಿಡಿಯುತ್ತಲೇ ಅದು ಯಾಜಕತ್ವದ ಸ್ವರೂಪಕ್ಕೆ ಅನಿವಾರ್ಯವಲ್ಲವೆಂದು ಒಪ್ಪಿಕೊಂಡಿತು. 1967ರಲ್ಲಿ ಪೋಪ್ ಆರನೆಯ ಪೌಲ್ ಲ್ಯಾಟಿನ್ ಸಭೆಯಲ್ಲಿ ಆ ಶಿಸ್ತನ್ನು ದೃಢಪಡಿಸಿದರು. 1983ರ ಲ್ಯಾಟಿನ್ ಸಂಹಿತೆಯೂ ಅದನ್ನು ಉಳಿಸಿಕೊಂಡಿತು. 1990ರ ಪೂರ್ವದೇಶೀಯ ಸಭೆಗಳ ಕಾನೂನು ಸಂಹಿತೆ ವಿವಾಹಿತ ಯಾಜಕರ ಸ್ಥಿತಿಯನ್ನು ಗೌರವದಿಂದ ಕಾಣಬೇಕೆಂದು ಹೇಳಿತು. ಆಂಗ್ಲಿಕನ್ ಸಭೆಯಿಂದ ಬಂದ ವಿವಾಹಿತ ಯಾಜಕರಿಗೆ ಅಮೆರಿಕಾದಲ್ಲಿ 1980ರ ವಿಶೇಷ ಏರ್ಪಾಡೂ, ಅನಂತರ 2009ರ ಪೋಪರ ಶಾಸನವೂ ದಾರಿ ತೆರೆದವು. 2014ರಲ್ಲಿ ಪೂರ್ವದೇಶೀಯ ಸಭೆಗಳ ವಿವಾಹಿತ ಯಾಜಕರು ತಮ್ಮ ಮೂಲ ಪ್ರದೇಶಗಳ ಹೊರಗೂ ಸೇವೆ ಸಲ್ಲಿಸಬಹುದೆಂದು ರೋಮ್ ಆದೇಶಿಸಿತು. ಅಮೆಜಾನ್ ಪ್ರದೇಶದಲ್ಲಿ ಯಾಜಕರ ಕೊರತೆ ನೀಗಲು ಪರೀಕ್ಷಿತ ಶೀಲದ ವಿವಾಹಿತರಿಗೆ ದೀಕ್ಷೆ ಕೊಡಬೇಕೆಂದು 2019ರ ಧರ್ಮಾಧ್ಯಕ್ಷರ ಸಮ್ಮೇಳನ ಸೂಚಿಸಿತು. 2020ರಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ಪತ್ರದಲ್ಲಿ ಆ ಸೂಚನೆಗೆ ಒಪ್ಪಿಗೆ ದೊರೆಯಲಿಲ್ಲ.

ಈ ಚರ್ಚೆಯಲ್ಲಿ ಯಾರು ಸರಿಯೆಂದು ತೀರ್ಪು ನೀಡುವುದು ಜಾನಪದ ವಿದ್ವಾಂಸರ ಕೆಲಸವಲ್ಲ. ಬ್ರಹ್ಮಚರ್ಯವನ್ನು ಸ್ವಇಚ್ಛೆಯಿಂದ ವರಿಸಿ ಸಾರ್ಥಕ ಬದುಕನ್ನು ಬಾಳಿದ ಅಸಂಖ್ಯ ಯಾಜಕರ ಪರಂಪರೆಯನ್ನು ಅಲ್ಲಗಳೆಯುವ ಉದ್ದೇಶವೂ ಇಲ್ಲಿಲ್ಲ. ಆದರೆ ಮುಂದಿನ ಚರ್ಚೆಗಳಿಗೆ ಈ ಸಾಮಗ್ರಿ ಒಂದು ಅಗತ್ಯವಾದ ಪ್ರಶ್ನೆಯನ್ನು ಒದಗಿಸುತ್ತದೆ. ಯಾಜಕರು ಮದುವೆಯಾಗಬಹುದೇ ಎಂಬ ಪ್ರಶ್ನೆಯನ್ನು ಇದುವರೆಗೆ ಯಾಜಕನ ಸುತ್ತಲೇ ಕೇಳಲಾಗಿದೆ: ಅವನ ಪಾವಿತ್ರ್ಯ, ಅವನ ಬಿಡುವು, ಅವನ ಒಂಟಿತನ. ಆ ಮನೆಗೆ ಬರುವ ಹೆಣ್ಣನ್ನು ಊರು ಯಾವ ಹೆಸರಿನಿಂದ ಕರೆಯುತ್ತದೆ ಎಂಬುದೂ ಅಷ್ಟೇ ಮುಖ್ಯವಾದ ಪ್ರಶ್ನೆ. ಲ್ಯಾಟಿನ್ ಸಭೆಯಲ್ಲಿ ಇಂದು ಸೇವೆ ಸಲ್ಲಿಸುತ್ತಿರುವ ವಿವಾಹಿತ ಯಾಜಕರ ಮಡದಿಯರಿಗೆ ಪರಂಪರೆಯಿಂದ ಬಂದ ಮಾನವಾಚಕವೊಂದಿಲ್ಲ. ಆರನೆಯ ಶತಮಾನದಲ್ಲಿ ಅದೇ ಸಭೆಯ ಬಳಿಯಿದ್ದ ಪದವೊಂದು ಬಳಕೆ ತಪ್ಪಿ ಬಿದ್ದಿದೆ. ಕಾನೂನನ್ನು ಒಂದು ಆದೇಶದಿಂದ ತಿದ್ದಬಹುದು. ಮಾತನ್ನು ತಿದ್ದಲು ತಲೆಮಾರುಗಳು ಬೇಕಾಗುತ್ತವೆ.